ಗೋಡೆಯ ಮೇಲೆ ಆಕಳು, ಬಾಗಿಲ ಹೊರಗೆ ಹಲಗಿ



ಇದು ಚಿನ್ನದ ಗಣಿಯ ಕೋಲಾರದ ಮಾತಲ್ಲ. ಬೀದರ್ ಪಟ್ಟಣದ ಮಗ್ಗುಲಿಗಿರುವ ಕೊಳಾರದ ಮಾತು. ಕೈಗಾರಿಕಾ ಪ್ರದೇಶ ಅಂದರೆ ಜಿಲ್ಲೆಯವರಿಗೆ ಬೇಗ ತಿಳಿಯುತ್ತದೆ. ಔಷಧಿ, ರಾಸಾಯನಿಕಗಳ ಕಾರ್ಖಾನೆಗಳಿಂದ ಗಾಳಿ ನೀರು ಕೆಟ್ಟವು ಅಂತ ಸುತ್ತಲಿನ ಹಳ್ಳಿಯವರು ಎಷ್ಟು ಸಲ ದೂರು ಕೊಟ್ಟಿದ್ದಾರೋ ಲೆಕ್ಕವಿಲ್ಲ. ಆ ಹಾದಿಯ ಒಂದು ಸಭಾಭವನದಲ್ಲಿ ಹೋದ ಚಳಿಗಾಲ ಚಿತ್ರ ಪ್ರದರ್ಶನ ಇತ್ತು. ವಿಷಯ: ಪ್ರಾಣಿ ಪಕ್ಷಿಗಳು. ಸ್ಥಳೀಯ ಕಲಾವಿದರು, ಡ್ರಾಯಿಂಗ್ ಮಾಸ್ತರರು, ಶಾಲಾ ಮಕ್ಕಳು, ಯಾರು ಬೇಕಾದರೂ ಚಿತ್ರ ಕೊಡಬಹುದು ಅಂತ ಕರಪತ್ರ ಹಂಚಿದ್ದರು. ನಾವೂ ಹೋದೆವು. ನಾವು ಅಂದರೆ ಇಬ್ಬರು ಪ್ರಾಥಮಿಕ ಸಾಲಿ ಮಾಸ್ತರರು, ಭಾಲ್ಕಿ ಕಡೆಯ ಒಬ್ಬ ಕಾಲೇಜು ಹುಡುಗ, ಔರಾದಿನಿಂದ ಬಸ್ಸು ಹಿಡಿದು ಬಂದ ಇಬ್ಬರು, ಬಿದ್ರಿ ಕೆಲಸ ಮಾಡುವ ಒಬ್ಬ ಗೆಳೆಯ.

ಒಳಗೆ ಏನಿತ್ತು? ಓಡುವ ಏಳು ಬಿಳಿ ಕುದುರೆಗಳಿದ್ದವು. ಒಂದಲ್ಲ, ಮೂರು ಕಡೆ. ಮನೆಯಲ್ಲಿ ತೂಗಿದರೆ ರೊಕ್ಕ ಬರುತ್ತದಂತೆ. ಜೋಡಿ ಹಂಸ ಇದ್ದವು. ಕೊಳದ ದಂಡೆಗೆ ಕೊರಳು ಬಾಗಿಸಿದ ಜಿಂಕೆ ಇತ್ತು. ನವಿಲುಗಳಂತೂ ಗೋಡೆ ತುಂಬ. ನಡುವೆ ದೊಡ್ಡ ಚೌಕಟ್ಟಿನಲ್ಲಿ ಒಂದು ಆಕಳು, ಹಣೆಗೆ ಕುಂಕುಮ, ಮಗ್ಗುಲಿಗೆ ಕರು, ಹಿಂದೆ ಬೃಂದಾವನ. ಕಾಲಿಗೆ ಕೆಸರಿಲ್ಲ, ಬಾಲಕ್ಕೆ ಸಗಣಿ ಹತ್ತಿಲ್ಲ, ಮೈಮೇಲೆ ಒಂದು ನೊಣ ಇಲ್ಲ. ಇಂಥ ಆಕಳನ್ನು ನಮ್ಮ ಜಿಲ್ಲೆಯಲ್ಲಿ ನಾವು ಇಂದಿನವರೆಗೆ ನೋಡಿಲ್ಲ. ನಮ್ಮದು ದೇವಣಿ ತಳಿಯ ಸೀಮೆ. ಪೂರಾ ಬಿಳಿ ಇದ್ದರೆ ಬಾಳಂಕ್ಯಾ, ಬಿಳಿ ಮೈ ಇದ್ದು ಮುಖಕ್ಕೆ ಕಪ್ಪಿದ್ದರೆ ವನ್ನೇರಾ, ಮೈತುಂಬ ಕಪ್ಪು ಮಚ್ಚೆ ಇದ್ದರೆ ಶೇವೇರಾ ಅಂತಾರೆ. ದನ ಕಾಯುವ ಹುಡುಗ ಹರದಾರಿ ದೂರದಿಂದ ನೋಡಿ, ಅದು ಯಾರ ಮನೆಯದು, ಯಾವ ಕಾಲು ಕುಂಟುತ್ತದೆ ಅಂತ ಹೇಳುತ್ತಾನೆ. ಪಶು ವಿಶ್ವವಿದ್ಯಾಲಯ ನಮ್ಮ ಬೀದರಿನಲ್ಲೇ ಇದೆ. ಗೋಡೆಯ ಮೇಲಿನ ಆಕಳಿಗೆ ಮಾತ್ರ ನಮ್ಮ ನೆಲದ ಒಂದು ಮಚ್ಚೆಯೂ ಇರಲಿಲ್ಲ. ಅದು ಕ್ಯಾಲೆಂಡರಿನಿಂದ ಇಳಿದು ಬಂದ ಆಕಳು.

ಅಷ್ಟಕ್ಕೇ ಆಗಿದ್ದರೆ ನಾವು ಚಹಾ ಕುಡಿದು ಊರ ಹಾದಿ ಹಿಡಿಯುತ್ತಿದ್ದೆವು. ಯಾರೋ ಪಾಪ, ಕಂಡದ್ದನ್ನು ಬರೆದಿದ್ದಾರೆ, ಕಾಣದ್ದನ್ನೂ ಬರೆದಿದ್ದಾರೆ, ಅದಕ್ಕೆ ಜಗಳ ಯಾಕೆ?

ಜಗಳ ಇದಕ್ಕೆ. ನಮ್ಮ ಮಾಸ್ತರರೊಬ್ಬರ ಸಾಲಿಯಲ್ಲಿ ಎಂಟನೆಯತ್ತೆ ಓದುವ ಹುಡುಗ ಒಂದು ಚಿತ್ರ ಕೊಟ್ಟಿದ್ದ. ಪೆನ್ಸಿಲ್ಲು, ಇದ್ದಿಲು, ಅಲ್ಲಲ್ಲಿ ಕೆಂಪು ಮಸಿ. ಸತ್ತ ಎತ್ತು ಮಗ್ಗುಲಾಗಿ ಬಿದ್ದಿದೆ. ಅದರ ಹೊಟ್ಟೆಯ ಹತ್ತಿರ ಕುಕ್ಕರಗಾಲಲ್ಲಿ ಕೂತ ಮುದುಕ ತೊಗಲು ಸುಲಿಯುತ್ತಿದ್ದಾನೆ. ಎಡಗೈಯಲ್ಲಿ ತೊಗಲು ಜಗ್ಗಿ ಹಿಡಿದಿದ್ದಾನೆ, ಬಲಗೈಯ ಚೂರಿ ಅಡ್ಡಡ್ಡ ಹೋಗುತ್ತಿದೆ. ದೂರದಲ್ಲಿ ಎರಡು ನಾಯಿ ಕೂತಿವೆ, ತಮ್ಮ ಪಾಳಿ ಬರುವವರೆಗೆ ಕಾಯುವ ಹಾಗೆ. ಅದರ ಹಿಂದೆ ತಂತಿ ಬೇಲಿ, ಕಾರ್ಖಾನೆಯ ಹೊಗೆ ಕೊಳವೆ. ಮುದುಕ ಹುಡುಗನ ಮುತ್ಯಾ. ಹುಡುಗ ಸಣ್ಣವನಿದ್ದಾಗ ಅವನ ಬೆನ್ನು ಹತ್ತಿ ಹೋಗಿ ನೋಡಿದ್ದು. ಚೂರಿ ಹಿಡಿದ ಆ ಕೈಯನ್ನು ನೋಡಿದರೆ ಗೊತ್ತಾಗುತ್ತಿತ್ತು, ನೋಡಿ ಬರೆದದ್ದು ಅಂತ. ತೊಗಲಿಗೆ ತೂತು ಬೀಳಬಾರದು, ಮಾಂಸ ಅಂಟಬಾರದು, ಬೆರಳಿಗೆ ಆ ಲೆಕ್ಕ ಗೊತ್ತಿರಬೇಕು. ಆ ಬೆರಳನ್ನು ಹುಡುಗ ಬರೆದಿದ್ದ.

ಆ ಚಿತ್ರ ಗೋಡೆ ಹತ್ತಲಿಲ್ಲ. ನಾವು ಹುಡುಕಿದೆವು. ಮೇಜಿನ ಕೆಳಗೆ, ಬೆನ್ನು ಮೇಲೆ ಮಾಡಿ ಇಟ್ಟಿದ್ದರು. ಕೇಳಿದರೆ ನಡೆಸುವವರಲ್ಲಿ ಒಬ್ಬರು ಭಾಳ ಮರ್ಯಾದೆಯಿಂದಲೇ ಹೇಳಿದರು: "ಹುಡುಗನ ಕೈ ಚಲೋ ಅದ ಸರ್. ಆದ್ರ ವಿಷಯ ಬರೋಬರಿ ಇಲ್ಲ. ಹೆಣ್ಮಕ್ಕಳು ಬರ್ತಾರ, ಸಣ್ಣ ಮಕ್ಕಳು ಬರ್ತಾರ. ನೋಡಿದವರಿಗೆ ಹೇಸಿಗಿ ಬರಬಾರದು ನೋಡ್ರಿ. ಅವನಿಗೆ ಒಂದು ನವಿಲು ಬರಿ ಅಂತ ಹೇಳ್ರಿ, ಮುಂದಿನ ಸಲ ಹಾಕ್ತೀವಿ."

ಇನ್ನೊಂದು ಮಾತು ಹೇಳಬೇಕು. ಉದ್ಘಾಟನೆಗೆ ಅತಿಥಿಗಳು ಬರುವಾಗ ಬಾಗಿಲಲ್ಲಿ ಹಲಗಿ ಬಾರಿಸಲು ಕೇರಿಯಿಂದ ನಾಲ್ಕು ಜನರನ್ನು ಕರೆಸಿದ್ದರು. ಕಾರು ನಿಂತಾಗ ಬಾರಿಸಿದರು, ಅತಿಥಿ ಒಳಗೆ ಹೋದ ಮೇಲೆ ನಿಲ್ಲಿಸಿದರು. ಒಳಗೆ ಬನ್ನಿ, ಚಿತ್ರ ನೋಡಿ ಅಂತ ಅವರಿಗೆ ಯಾರೂ ಅನ್ನಲಿಲ್ಲ, ಬರಬೇಡಿ ಅಂತಲೂ ಅನ್ನಲಿಲ್ಲ. ಅವರೇ ಚಪ್ಪಲಿಗಳ ಹತ್ತಿರ ಕೂತರು. ಬಿಸಿಲಿಗೆ ಹಲಗಿ ಒಡ್ಡಿ ಕಾಯಿಸುತ್ತ ಕೂತರು. ಆ ಇಡೀ ಪ್ರದರ್ಶನದಲ್ಲಿ ಖರೇ ಪ್ರಾಣಿ ಅಂತ ಇದ್ದದ್ದು ಅದೊಂದೇ, ಹಲಗಿಯ ತೊಗಲು. ಅದು ಬಾಗಿಲ ಹೊರಗಿತ್ತು.

ಈಗ ನಮ್ಮ ವಾದಕ್ಕೆ ಬರುತ್ತೇವೆ. ಸಣ್ಣ ಊರಿನ ಗ್ಯಾಲರಿಗಳಲ್ಲಿ, ಜಾತ್ರೆಯ ಪ್ರದರ್ಶನಗಳಲ್ಲಿ, ಸಾಲಿಯ ಹಾಲುಗಳಲ್ಲಿ ತೂಗುವ ಪ್ರಾಣಿ ಚಿತ್ರಗಳನ್ನು ಯಾರೂ ರಾಜಕೀಯ ಅಂತ ಕರೆಯೋದಿಲ್ಲ. ಅದು ನಿರುಪದ್ರವಿ ಕಲೆ. ಮನುಷ್ಯನನ್ನು ಬರೆದರೆ ಯಾವ ಜಾತಿ, ಯಾವ ಪಕ್ಷ ಅಂತ ಕೇಳುತ್ತಾರೆ. ಪ್ರಾಣಿಯನ್ನು ಬರೆದರೆ ಯಾರಿಗೂ ನೋವಾಗೋದಿಲ್ಲ ಅಂತ ನಂಬಿಕೆ. ಈ ನಂಬಿಕೆಯೇ ಸುಳ್ಳು ಅಂತ ನಾವು ಹೇಳುತ್ತೇವೆ. ಗೋಡೆ ಹತ್ತಿದ ಪ್ರಾಣಿಗಳ ಪಟ್ಟಿ ಮಾಡಿ ನೋಡಿ: ಆಕಳು, ಕುದುರೆ, ಹಂಸ, ನವಿಲು, ಜಿಂಕೆ, ಆನೆ, ಹುಲಿ. ಹತ್ತದ ಪ್ರಾಣಿಗಳ ಪಟ್ಟಿ ಮಾಡಿ: ಹಂದಿ, ಕತ್ತೆ, ಎಮ್ಮೆ, ನಾಯಿ, ಕಾಗೆ, ಹದ್ದು. ಮೊದಲನೆಯವು ದೇವರ ವಾಹನ, ಅರಸರ ಲಾಂಛನ. ಎರಡನೆಯವು ಯಾರ ಸಂಗಡ ಬದುಕುತ್ತವೆ? ಹಂದಿ ಕೊರವರ, ಕೈಕಾಡಿಗಳ ಸಂಗಡ. ಕತ್ತೆ ಅಗಸರ, ಕಲ್ಲು ಮಣ್ಣು ಹೊರುವವರ ಸಂಗಡ. ಸತ್ತ ದನ, ಅದರ ಮೇಲೆ ಸುತ್ತುವ ಹದ್ದು, ಹಿಂದೆ ಬರುವ ನಾಯಿ ನಮ್ಮ ಸಂಗಡ. ಊರಿನ ಜಾತಿ ಪದ್ಧತಿ ಗೋಡೆಯ ಮೇಲೂ ಹಾಂಗೇ ಅದೆ. ಪ್ರಾಣಿಗಳಿಗೂ ಅಗ್ರಹಾರ ಇದೆ, ಪ್ರಾಣಿಗಳಿಗೂ ಕೇರಿ ಇದೆ.

ಎಮ್ಮೆಯನ್ನೇ ತಗೊಳ್ಳಿ. ಚಹಾ ಅಂಗಡಿಗೆ ಹಾಲು ಬರೋದು ಎಷ್ಟೋ ಕಡೆ ಎಮ್ಮೆಯಿಂದ. ಎಮ್ಮೆಯ ಚಿತ್ರ ತೂಗಿದ ಒಂದು ಮನೆ ತೋರಿಸಿ ನೋಡೋಣ. ಕರ್ರಗಿದೆ, ಕೆಸರಲ್ಲಿ ಮಲಗುತ್ತದೆ, ಅದರ ಮೇಲೆ ಯಮ ಕೂಡುತ್ತಾನೆ. ಮಾರಿ ಜಾತ್ರೆಗಳಲ್ಲಿ ಕೋಣನನ್ನು ಯಾಕೆ ಕಡಿಯುತ್ತಿದ್ದರು ಅನ್ನೋದಕ್ಕೆ ನಮ್ಮ ನಾಡಿನ ಅನೇಕ ಕಡೆ ಒಂದು ಕಥೆ ಹೇಳುತ್ತಾರೆ. ಹೊಲೆಯರ ಹುಡುಗನೊಬ್ಬ ಜಾತಿ ಮುಚ್ಚಿಟ್ಟು ಬ್ರಾಹ್ಮಣರ ಹುಡುಗಿಯನ್ನು ಮದುವೆಯಾದ. ಒಂದು ದಿನ ಗುಟ್ಟು ಬಯಲಾಯಿತು. ಸಿಟ್ಟಿಗೆದ್ದ ಅವಳು ಮಾರಿಯಾದಳು. ಅವನು ಓಡಿ ಹೋಗಿ ಕೋಣದ ಮೈಯಲ್ಲಿ ಅಡಗಿದ. ಅವಳು ಕೋಣನ ತಲೆ ಕಡಿದಳು. ಅಂದಿನಿಂದ ಕಡಿಯುತ್ತಲೇ ಇದ್ದಾರೆ. ಕಥೆ ಕಟ್ಟಿದವರಿಗೆ ನಾಚಿಕೆ ಇರಲಿಲ್ಲ, ಸುಳ್ಳು ಹೇಳಬೇಕು ಅನ್ನಿಸಲಿಲ್ಲ. ಕೋಣ ಅಂದರೆ ಯಾರು ಅಂತ ನೆಟ್ಟಗೇ ಹೇಳಿದ್ದಾರೆ. ಇಂದಿನ ಗ್ಯಾಲರಿ ಆ ಧೈರ್ಯವನ್ನೂ ತೋರಿಸೋದಿಲ್ಲ. ಕೋಣನನ್ನು ಬರೆಯೋದೇ ಇಲ್ಲ, ಆಯಿತು.

ಕಾನೂನಿನಲ್ಲೂ ಇದೇ ಲೆಕ್ಕ ನೋಡಿ. 2021ರಲ್ಲಿ ಜಾರಿಗೆ ಬಂದ ಕರ್ನಾಟಕದ ಜಾನುವಾರು ಹತ್ಯೆ ಪ್ರತಿಬಂಧಕ ಕಾನೂನಿನ ಪ್ರಕಾರ ಆಕಳು, ಎತ್ತು, ಹೋರಿ, ಕರು ಯಾವ ವಯಸ್ಸಿನಲ್ಲೂ ಕಡಿಯುವಂತಿಲ್ಲ. ಎಮ್ಮೆ ಕೋಣಗಳಿಗೆ ಮಾತ್ರ 13 ವರ್ಷ ದಾಟಿದರೆ ರಕ್ಷಣೆ ಇಲ್ಲ. ತಪ್ಪಿದರೆ 3ರಿಂದ 7 ವರ್ಷ ಜೈಲು, 50 ಸಾವಿರದಿಂದ 5 ಲಕ್ಷ ದಂಡ. ಆಚೆ ಮಹಾರಾಷ್ಟ್ರದಲ್ಲಿ 2015ರಿಂದಲೇ ಎತ್ತು ಹೋರಿಗಳಿಗೂ ನಿಷೇಧ. ಔರಾದ್, ಭಾಲ್ಕಿ ಅಂದರೆ ಗಡಿ ತಾಲೂಕು, ದನದ ವ್ಯಾಪಾರ ಗಡಿ ನೋಡಿ ನಡೆಯುತ್ತಿರಲಿಲ್ಲ. ಈಗ ಮುದಿ ಎತ್ತನ್ನು ಮಾರಲು ಹೊರಟ ರೈತ, ಕೊಳ್ಳಲು ಬಂದ ಖುರೇಷಿ, ತೊಗಲಿಗೆ ಕಾದ ಢೋರ, ಸಮಗಾರ ಎಲ್ಲರೂ ಹೆದರಿ ಕೂತಿದ್ದಾರೆ. ಹೊಲದಲ್ಲಿ ದುಡಿದ ಎತ್ತಿಗೆ ಮೇವು ಹಾಕಲು ರೊಕ್ಕ ಇಲ್ಲ, ಸಭಾಭವನದಲ್ಲಿ ತೂಗಿದ ಆಕಳಿಗೆ ಚೌಕಟ್ಟು ಹಾಕಿಸಲು ರೊಕ್ಕ ಇದೆ. ಕುಂಕುಮ ಇಟ್ಟ ಆ ಆಕಳು ನಿರುಪದ್ರವಿ ಚಿತ್ರ ಅಂತ ನಮಗೆ ಹೇಳಬೇಡಿ. ಅದರ ಹಿಂದೆ ಲಾಠಿ ಇದೆ.

2016ರ ಜುಲೈ 11ರಂದು ಗುಜರಾತಿನ ಉನಾ ಹತ್ತಿರ ಏನಾಯಿತು ಅಂತ ನೀವು ಮರೆತಿಲ್ಲ. ಸತ್ತ ದನದ ತೊಗಲು ಸುಲಿಯುತ್ತಿದ್ದ ನಮ್ಮ ಹುಡುಗರನ್ನು ಗೋರಕ್ಷಕರು ಹಿಡಿದು, ಕಾರಿಗೆ ಕಟ್ಟಿ, ಅಂಗಿ ಬಿಚ್ಚಿ, ಕಬ್ಬಿಣದ ಸಲಾಕೆಯಿಂದ ಹೊಡೆದರು. ಹೊಡೆದವರೇ ಅದನ್ನು ಚಿತ್ರೀಕರಿಸಿ ಊರಿಗೆಲ್ಲ ತೋರಿಸಿದರು. ಅದು ಅವರ ಪ್ರದರ್ಶನ. ಅದಕ್ಕೆ ಉತ್ತರವಾಗಿ ಸುರೇಂದ್ರನಗರದಲ್ಲಿ ನಮ್ಮ ಜನ ಸತ್ತ ದನಗಳನ್ನು ತಂದು ಕಲೆಕ್ಟರ್ ಕಚೇರಿಯ ಮುಂದೆ ಸುರಿದರು: ನಿಮ್ಮ ತಾಯಿ, ನೀವೇ ಮಣ್ಣು ಮಾಡಿರಿ ಅಂತ. ಇದೂ ಒಂದು ಪ್ರದರ್ಶನವೇ. ಅಲ್ಲಿ ಹೇಸಿಗಿ ಅಂತ ಬೆನ್ನು ಮೇಲೆ ಮಾಡಿ ಇಡಲು ಯಾರಿಗೂ ಬರಲಿಲ್ಲ.

ಕಲೆ ಅಂದರೆ ನಮಗೆ ತಿಳಿಯೋದಿಲ್ಲ, ದಲಿತರು ಎಲ್ಲದರಲ್ಲೂ ಜಾತಿ ಹುಡುಕುತ್ತಾರೆ ಅಂತ ಕೆಲವರು ಅನ್ನುತ್ತಾರೆ. ಕಲೆಯ ಊರಲ್ಲೇ ನಾವು ಹುಟ್ಟಿದ್ದೇವೆ ಮಾರಾಯರೆ. ಬೀದರ್ ಕೋಟೆಯ ಶರ್ಜಾ ದರ್ವಾಜಾದ ಮೇಲೆ ಕಲ್ಲಿನ ಎರಡು ಹುಲಿ ಕಡೆದಿದ್ದಾರೆ. ಆ ಬಾಗಿಲು 1503ರದು. ತಖ್ತ್ ಮಹಲಿನ ಕಮಾನಿನ ಮಗ್ಗುಲಿಗೆ ಹುಲಿ, ಅದರ ಬೆನ್ನ ಹಿಂದೆ ಏಳುವ ಸೂರ್ಯ. ಯಾವ ಸುಲ್ತಾನ ಕಟ್ಟಿಸಿದ ಅಂತ ಫಲಕ ಹೇಳುತ್ತದೆ. ಕಲ್ಲು ಹೊತ್ತವನ, ಹುಲಿ ಕಡೆದವನ ಹೆಸರು ಎಲ್ಲಿದೆ? ಸುಲ್ತಾನರ ಮಾತು ಬಿಡಿ, ಸತ್ತು ಹೋದರು. ಬಿದ್ರಿ ಅಂಗಡಿಗೆ ಹೋಗಿ. ಆನೆ ಇದೆ, ನವಿಲಿದೆ, ಕುದುರೆ ಇದೆ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಗೀರು ತೆಗೆದು, ಆ ಗೀರಿನಲ್ಲಿ ಬೆಳ್ಳಿ ತಂತಿ ಬಡಿದು ಕೂಡಿಸಿ, ಕೊನೆಗೆ ಕೋಟೆಯ ಒಳಗಿನ ಹಳೆ ಮಣ್ಣು, ನವಸಾಗರ ಕಲಸಿದ ಬಿಸಿ ನೀರಿನಲ್ಲಿ ತಿಕ್ಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. 2006ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. 2023ರಲ್ಲಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಚಲೋ ಆಯಿತು, ನಮಗೆ ಸಂತೋಷವೇ. ಆದರೆ ಮಂತ್ರಿಗಳಿಗೆ ಕಾಣಿಕೆ ಕೊಡುವ ಬಿದ್ರಿ ಆನೆಯ ಕೆಳಗೆ ಕೊಟ್ಟವರ ಹೆಸರು ಕೆತ್ತುತ್ತಾರೆ, ಮಾಡಿದವನ ಹೆಸರು ಕೆತ್ತಿದ್ದನ್ನು ನಾವು ನೋಡಿಲ್ಲ. ನಮ್ಮ ಸಂಗಡ ಬಂದಿದ್ದ ಗೆಳೆಯ ಪ್ರದರ್ಶನದ ಮೇಜಿನ ಮೇಲೆ ತಾನೇ ಬಡಿದ ನವಿಲನ್ನು ಕಂಡ. ಚೀಟಿಯಲ್ಲಿ ಅಂಗಡಿಯ ಹೆಸರಿತ್ತು. "ಇದು ನಂದೇ ಅದ" ಅಂತ ನಮಗೆ ಮೆಲ್ಲಗೆ ಹೇಳಿದ, ಕಳ್ಳತನ ಮಾಡಿದವನ ಹಾಗೆ.

ಆನೆ ಅಂದಾಗ ಕಲ್ಯಾಣ ನೆನಪಾಗುತ್ತದೆ. ಬಸವಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ, ಹರಳಯ್ಯನ ಗವಿ ಅಲ್ಲೇ ಇದೆ. ಸಮಗಾರ ಹರಳಯ್ಯ, ಅವನ ಹೆಂಡತಿ ತಮ್ಮ ತೊಡೆಯ ತೊಗಲು ತೆಗೆದು ಬಸವಣ್ಣನಿಗೆ ಚಮ್ಮಾವುಗೆ ಮಾಡಿದರು ಅಂತ ಶರಣರ ಚರಿತ್ರೆ ಹೇಳುತ್ತದೆ. ಅವನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟು ಮದುವೆ ಮಾಡಿದ್ದಕ್ಕೆ ಇಬ್ಬರು ತಂದೆಯರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರು. ಅದಕ್ಕೆ ಎಳೆಹೂಟೆ ಅಂತ ಹೆಸರು. ತೊಗಲು ಹದ ಮಾಡುವ ಡೋಹರ ಕಕ್ಕಯ್ಯನೂ ಅದೇ ಕಲ್ಯಾಣದವನು. ನಮ್ಮ ಜಿಲ್ಲೆಯಲ್ಲಿ ಆನೆಯ ಚಿತ್ರಕ್ಕೇನು ಬರ ಇಲ್ಲ, ಅಂಬಾರಿ ಹೊತ್ತದ್ದು, ಸೊಂಡಿಲಲ್ಲಿ ಹೂಮಾಲೆ ಹಿಡಿದದ್ದು. ಎಳೆಹೂಟೆಯ ಆನೆಯನ್ನು ಬರೆದು ತಂದರೆ ಆ ಸಭಾಭವನದಲ್ಲಿ ಎಲ್ಲಿ ತೂಗುತ್ತಾರೆ? ಮೇಜಿನ ಕೆಳಗೆ ಇನ್ನೂ ಜಾಗ ಇತ್ತು.

ತೊಗಲಿನ ಮಾತು ಇನ್ನಷ್ಟಿದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೆ ಹೋದರೆ ತೊಗಲುಗೊಂಬೆಗಳ ದೊಡ್ಡ ಸಂಗ್ರಹವಿದೆ. ಎಂ. ಎಸ್. ನಂಜುಂಡರಾಯರು ಹಳ್ಳಿ ಹಳ್ಳಿ ತಿರುಗಿ ಕಿಳ್ಳೇಕ್ಯಾತರಿಂದ ಕೂಡಿಸಿದ್ದು. ಆಡು, ಜಿಂಕೆಗಳ ತೊಗಲನ್ನು ತೆಳ್ಳಗೆ ಹದ ಮಾಡಿ, ತೂತು ಕೊರೆದು, ಬಣ್ಣ ಹಚ್ಚಿ ಮಾಡಿದ ಗೊಂಬೆಗಳು, ಅದರಲ್ಲಿ ಎತ್ತಿದೆ, ಹುಲಿ ಇದೆ, ಹಾವಿದೆ. ರಾಯರು ಮಾಡಿದ್ದು ದೊಡ್ಡ ಕೆಲಸ, ಅವು ಇಲ್ಲದಿದ್ದರೆ ಇಲಿ ತಿಂದು ಹೋಗುತ್ತಿದ್ದವು, ಅದನ್ನು ನಾವು ಅಲ್ಲಗಳೆಯೋದಿಲ್ಲ. ನಮ್ಮ ಪ್ರಶ್ನೆ ಬೇರೆ. ತೊಗಲು ಗಾಜಿನ ಹಿಂದೆ ಹೋದರೆ ಕಲೆ, ಕೇರಿಯ ಗೂಟಕ್ಕೆ ಬಿಗಿದಿದ್ದರೆ ಹೊಲಸು, ಇದು ಯಾವ ನ್ಯಾಯ? ತೊಗಲು ಹದ ಮಾಡೋದಕ್ಕೆ ಏನೇನು ಬೇಕು ಅಂತ ಕಲಾ ಶಾಲೆಯ ಪರೀಕ್ಷೆಯಲ್ಲಿ ಕೇಳುತ್ತಾರೆಯೆ? ಸುಣ್ಣದ ಗುಂಡಿಯಲ್ಲಿ ನೆನೆಹಾಕಿ, ಕೂದಲು ಕೆರೆದು, ತಂಗಡಿ ತೊಗಟೆಯ ನೀರು ಕುಡಿಸಿ, ತುಳಿದು, ಒಣಗಿಸಿ ಅದರಿಂದ ಹಲಗಿ ಮಾಡಿದರು, ಬಾರುಕೋಲು ಮಾಡಿದರು, ಎತ್ತಿನ ಕೊರಳಿಗೆ ಜತಗಿ ಮಾಡಿದರು, ಬಾವಿಯಿಂದ ನೀರೆತ್ತುವ ಮಟ್ಟಿ ಮಾಡಿದರು. ಊರಿನ ಹೊಲಕ್ಕೆಲ್ಲ ನೀರು ಹೋದದ್ದು ಆ ತೊಗಲಿನಿಂದ. ಆ ನೀರು ಯಾರಿಗೂ ಮೈಲಿಗೆ ಆಗಲಿಲ್ಲ. ಮಟ್ಟಿ ಹೊಲಿದವನು ಮಾತ್ರ ಬಾವಿ ಮುಟ್ಟುವಂತಿರಲಿಲ್ಲ.

ಸಾಹಿತ್ಯದವರೂ ಇದರಿಂದ ಹೊರಗಿಲ್ಲ. 1973ರ ನವೆಂಬರಿನಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಅಂದರು. ರಾಜ್ಯ ಹೊತ್ತಿ ಉರಿಯಿತು, ಹಾಸ್ಟೆಲಿನ ನಮ್ಮ ಹುಡುಗರು ಏಟು ತಿಂದರು, ಅವರು ಮಂತ್ರಿ ಸ್ಥಾನ ಬಿಡಬೇಕಾಯಿತು. ಬೂಸಾ ಅಂದರೆ ದನದ ಮೇವು. ಅದನ್ನು ಬೈಗುಳ ಅಂತ ತಿಳಿದವರಲ್ಲಿ ಎಷ್ಟು ಜನ ಬೂಸಾದ ಚೀಲ ಹೊತ್ತು ಕೊಟ್ಟಿಗೆಗೆ ಹಾಕಿದ್ದರೋ ನಾವು ಕಾಣೆವು. ದನಕ್ಕೆ ಅದು ಅನ್ನ. ಶಿವರಾಮ ಕಾರಂತರ ಚೋಮನನ್ನು ನೋಡಿ. ಅವನ ಹತ್ತಿರ ಎರಡು ಎತ್ತಿದ್ದವು, ಉಳಲು ಹೊಲ ಮಾತ್ರ ಕೊಡಲಿಲ್ಲ. ಕೊನೆಗೆ ಎತ್ತು ಬಿಟ್ಟು, ನೇಗಿಲು ಸುಟ್ಟು, ದುಡಿ ಬಾರಿಸುತ್ತ ಸತ್ತ. ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಕವ್ವ ಕಳೆದು ಹೋದ ಹುಂಜಕ್ಕಾಗಿ ಲೋಕವನ್ನೇ ಜಾಲಾಡುತ್ತಾಳೆ. ಅದೇ ಗುಡಿಸಲಿನ ಗೋಡೆಯ ಮೇಲೆ ಒಂದು ನವಿಲೂ ಮೂಡುತ್ತದೆ. ಹಾಗಾಗಿ ನವಿಲಿನ ಮೇಲೆ ನಮಗೆ ಹಗೆ ಇಲ್ಲ. ಹಸಿದ ಮನೆಯ ಹುಡುಗಿ ಮಣ್ಣಿನ ಗೋಡೆಯ ಮೇಲೆ ನವಿಲು ಬರೆದರೆ ಅದು ಅವಳ ನವಿಲು. ತೊಗಲು ಸುಲಿಯುವ ಮುತ್ಯಾನನ್ನು ಅಳಿಸಿ ಅದರ ಜಾಗದಲ್ಲಿ ನವಿಲು ಬರಿ ಅಂದರೆ ಅದು ಯಾರ ನವಿಲು?

ಇಷ್ಟೆಲ್ಲ ಬರೆದ ಮೇಲೆ ನಮ್ಮೊಳಗಿನ ಜಗಳವನ್ನೂ ಮುಚ್ಚಿಡಬಾರದು. ಆ ಚಿತ್ರ ಎತ್ತಿಕೊಂಡು ಬಂದು ಕೇರಿಯ ಭವನದಲ್ಲಿ ತೂಗೋಣ ಅಂತ ಮಾತಾದಾಗ ಮೊದಲು ಎದುರು ನಿಂತವರು ಜಮೀನ್ದಾರರಲ್ಲ, ನಮ್ಮವರೇ. ಚಳವಳಿಯಲ್ಲಿ ತಲೆ ಬೆಳ್ಳಗಾದ ಒಬ್ಬ ಕಾಕಾ ಎದ್ದು ನಿಂತರು. "ತಮ್ಮಾ, ಆ ಕೆಲಸ ಬಿಡಸಲಕ್ಕ ನಾವು ಏಟು ತಿಂದೀವಿ. ಸತ್ತ ದನ ಎಳಿಯಂಗಿಲ್ಲ ಅಂದಿದ್ದಕ್ಕ ಊರವರು ಕಿರಾಣಿ ಕೊಡಲಿಲ್ಲ, ಹಿಟ್ಟಿನ ಗಿರಣಿ ಬಂದ್ ಮಾಡಿದ್ರು. ಅದನ್ನ ಮತ್ತ ಗ್ವಾಡಿ ಮ್ಯಾಲ ಯಾಕ ತೂಗ ಹಾಕ್ತೀರಿ? ನಮ್ಮ ಮೊಮ್ಮಕ್ಕಳು ಅದನ್ನ ನೋಡಿ ಏನ್ ಕಲೀಬೇಕು?" ಅಂದರು.

ಇದು ಹಗುರ ಮಾತಲ್ಲ. 1927ರ ಮಾರ್ಚಿನಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಹೇಳಿದ್ದು ಇದೇ: ಸತ್ತ ದನ ಎಳೆಯೋದು ಬಿಡಿ, ಅದರ ಮಾಂಸ ತಿನ್ನೋದು ಬಿಡಿ, ಎಸೆದ ರೊಟ್ಟಿಗೆ ಕೈ ಒಡ್ಡಬೇಡಿ. ಚವದಾರ ಕೆರೆಯ ನೀರನ್ನು ನಾಯಿ, ದನ ಕುಡಿಯಬಹುದಿತ್ತು, ನಾವು ಮುಟ್ಟುವಂತಿರಲಿಲ್ಲ. 1931ರಲ್ಲಿ ಗಾಂಧಿಯವರಿಗೆ ಮುಖ ಕೊಟ್ಟು ಅವರು ಕೇಳಿದ್ದೂ ಅದೇ, ನಾಯಿ ಬೆಕ್ಕಿಗಿಂತ ಕಡೆಯಾಗಿ ನಮ್ಮನ್ನು ಕಾಣುವ ನಾಡನ್ನು ನಮ್ಮ ನಾಡು ಅಂತ ಹೇಗೆ ಕರೆಯಲಿ ಅಂತ. ನಮ್ಮ ಕಲಬುರಗಿ ಸೀಮೆಯಲ್ಲಿ ಬಿ. ಶ್ಯಾಮಸುಂದರರು 1968ರಲ್ಲಿ ಭೀಮಸೇನೆ ಕಟ್ಟಿದಾಗ ಹುಡುಗರಾಗಿದ್ದವರು ಈಗ ಮುದುಕರು. ಅವರಿಗೆ ತೊಗಲು ಅಂದರೆ ಗುಲಾಮಗಿರಿ. ಹಲಗಿ ಅಂದರೂ ಗುಲಾಮಗಿರಿ. ಊರವರ ಹೆಣದ ಮುಂದೆ ಬಾರಿಸಿದ ಹಲಗಿಯನ್ನು ಹೋರಾಟದ ವೇದಿಕೆಯಲ್ಲಿ ಬಾರಿಸಿದರೆ ಗುಣ ಬದಲಾಗುತ್ತದೆಯೆ ಅನ್ನೋ ವಾದ ನಮ್ಮಲ್ಲಿ ಐವತ್ತು ವರ್ಷದಿಂದ ಮುಗಿದಿಲ್ಲ.

ನಾವು ಕಾಕಾನ ಮಾತಿಗೆ ಅರ್ಧ ಒಪ್ಪುತ್ತೇವೆ. ಆ ಕೆಲಸ ಮತ್ತೆ ಬೇಡ. ಯಾರಾದರೂ ಬಂದು ಇದು ನಿಮ್ಮ ಪರಂಪರೆ, ನಿಮ್ಮ ಕುಶಲ ಕಲೆ, ಉಳಿಸಿಕೊಳ್ಳಿ ಅಂದರೆ ಅವರ ಕೈಗೇ ಚೂರಿ ಕೊಟ್ಟು ಕೂಡಿಸುತ್ತೇವೆ. ಆದರೆ ಬಿಟ್ಟ ಕೆಲಸ ಬೇರೆ, ಅಳಿಸಿದ ಕೆಲಸ ಬೇರೆ. ನಾವು ಬಿಟ್ಟದ್ದು ನಮ್ಮ ತೀರ್ಮಾನ. ಅವರು ಅಳಿಸಿದ್ದು ಅವರ ಅನುಕೂಲ. ಸಾವಿರ ವರ್ಷ ನಮ್ಮ ಕೈಯಿಂದ ಮಾಡಿಸಿ, ಈಗ ಅದನ್ನು ನೋಡಿದರೆ ನಮಗೆ ಹೇಸಿಗಿ ಬರುತ್ತದೆ ಅಂದರೆ, ಆ ಹೇಸಿಗಿಯನ್ನು ಅವರು ಸ್ವಲ್ಪ ಹೊತ್ತು ನಿಂತು ಅನುಭವಿಸಲಿ. ಹುಡುಗ ಬರೆದದ್ದು ಹೊಗಳಿಕೆ ಅಲ್ಲ, ದೂರೂ ಅಲ್ಲ. ಮುತ್ಯಾ ಹೀಗೆ ಕೂಡುತ್ತಿದ್ದ, ಚೂರಿ ಹೀಗೆ ಹಿಡಿಯುತ್ತಿದ್ದ, ಅಷ್ಟೆ. ಕಾಕಾ ಇನ್ನೂ ಪೂರಾ ಒಪ್ಪಿಲ್ಲ. ಚಿತ್ರದ ಮುಂದೆ ಭಾಳ ಹೊತ್ತು ನಿಂತು, "ಚೂರಿ ಬರೋಬರಿ ಹಿಡದಾನ" ಅಂತ ಮಾತ್ರ ಅಂದು ಹೋದರು.

ಮರಾಠಿಯ ನಾಗರಾಜ ಮಂಜುಳೆಯವರ 'ಫ್ಯಾಂಡ್ರಿ' ಸಿನಿಮಾ 2013ರಲ್ಲಿ ಬಂತು. ನಮ್ಮ ಗಡಿಯವರು ಅನೇಕರು ನೋಡಿದ್ದಾರೆ. ಫ್ಯಾಂಡ್ರಿ ಅಂದರೆ ಕೈಕಾಡಿಗಳ ಮಾತಿನಲ್ಲಿ ಹಂದಿ. ಊರಿನ ಹಂದಿ ಹಿಡಿಯಲು ಓಡುವ ಒಂದು ಬಡ ಕುಟುಂಬ, ಅದನ್ನು ನೋಡಿ ನಗುವ ಊರು, ಸಾಲಿಯ ಗೋಡೆಯ ಮೇಲೆ ಫುಲೆ, ಅಂಬೇಡ್ಕರರ ಚಿತ್ರ. ಆ ಚಿತ್ರಗಳ ಮುಂದಿನಿಂದ ಕೋಲಿಗೆ ಕಟ್ಟಿದ ಹಂದಿಯನ್ನು ಹೊತ್ತು ಹೋಗುತ್ತಾರೆ. ಕೊನೆಗೆ ಹುಡುಗ ಬೀಸಿದ ಕಲ್ಲು ನೋಡುವವರ ಮುಖಕ್ಕೇ ಬರುತ್ತದೆ. ನಾಗಪುರದ ಚಿತ್ರಕಾರ ಸವಿ ಸಾವರ್ಕರ್ (ಹೆಸರು ನೋಡಿ ಗಾಬರಿಯಾಗಬೇಡಿ, ಅವರು ನಮ್ಮವರು) ಕೊರಳಿಗೆ ಮಡಕೆ, ಸೊಂಟಕ್ಕೆ ಕಸಬರಿಗೆ ಕಟ್ಟಿಕೊಂಡ ಅಸ್ಪೃಶ್ಯರನ್ನು ಬರೆದಿದ್ದಾರೆ. ಚಂದ ಇಲ್ಲ ಅಂತ ಅವುಗಳನ್ನು ಯಾರೂ ಮೇಜಿನ ಕೆಳಗೆ ಇಡಲಾಗಲಿಲ್ಲ. ಹಂದಿಯೂ ತೆರೆಯ ಮೇಲೆ ಬರುತ್ತದೆ, ಮಡಕೆಯೂ ಗೋಡೆ ಹತ್ತುತ್ತದೆ. ಕೊಳಾರದ ಹಾದಿಯಲ್ಲಿ ಯಾಕೆ ಆಗಬಾರದು?

ಸಾಲಿ ಮಾಸ್ತರರಿಗೆ ಒಂದು ಮಾತು. ಮಕ್ಕಳಿಗೆ 'ಪ್ರಾಣಿ ಬರೆಯಿರಿ' ಅಂತ ಹೇಳುವಾಗ ಕಪ್ಪು ಹಲಗೆಯ ಮೇಲೆ ಮೊದಲು ನೀವು ಆನೆ, ನವಿಲು ಬರೆದು ತೋರಿಸಬೇಡಿ. ಮಣ್ಣೆತ್ತಿನ ಅಮಾಸಿಗೆ ಎತ್ತು ಮಾಡುವ ಕೈ ಆ ಮಕ್ಕಳಿಗೆ ಇದೆ, ಕಾರಹುಣ್ಣಿಮೆಗೆ ಕೋಡಿಗೆ ಬಣ್ಣ ಹಚ್ಚುವ ಕಣ್ಣೂ ಇದೆ. ನೀನು ದಿನಾ ನೋಡುವ ಪ್ರಾಣಿ ಯಾವುದು, ಅದರ ಹತ್ತಿರ ಯಾರು ನಿಂತಿ‌ರ್ತಾರ ಅಂತ ಕೇಳಿ, ಸುಮ್ಮನಿರಿ. ಹಂದಿ ಬಂದರೆ ಹಂದಿ ಬರಲಿ. ಕಾರ್ಖಾನೆಯ ನೀರು ಕುಡಿದು ಬಿದ್ದ ಎಮ್ಮೆ ಬಂದರೆ ಅದೂ ಬರಲಿ. ಚಿತ್ರದ ಕೆಳಗೆ ಬರೆದವರ ಹೆಸರು, ಊರಿನ ಹೆಸರು ಕಾಣುವ ಹಾಗೆ ಬರೆಸಿ. ಬಿದ್ರಿ ಸಾಮಾನು ಇಟ್ಟರೆ ಬಡಿದವನ ಹೆಸರು ಚೀಟಿಯಲ್ಲಿ ಇರಬೇಕು. ಹಲಗಿ ತಂದರೆ ಅದು ಒಳಗೆ ಬರಬೇಕು, ಬಾರಿಸುವವರೂ ಒಳಗೆ ಬರಬೇಕು, ಕುರ್ಚಿ ಮೇಲೆ ಕೂಡಬೇಕು. ಯಾವ ತೊಗಲು, ಯಾರು ಹದ ಮಾಡಿದರು ಅಂತ ಗೊತ್ತಿದ್ದರೆ ಅದನ್ನೂ ಬರೆಯಿರಿ. ಪ್ರದರ್ಶನ ನಡೆಸುವವರು ಇದಕ್ಕೆ ಒಪ್ಪದಿದ್ದರೆ ನಮ್ಮ ಚಿತ್ರಗಳನ್ನು ಎತ್ತಿಕೊಂಡು ಬರೋಣ, ನವಿಲುಗಳನ್ನೂ ಸೇರಿಸಿ.

ಏಪ್ರಿಲ್ 14ಕ್ಕೆ ಕೇರಿಯ ಭವನದಲ್ಲಿ ಗೋಡೆ ಖಾಲಿ ಮಾಡಿದ್ದೇವೆ. ಎಂಟನೆಯತ್ತೆಯ ಹುಡುಗನ ಚಿತ್ರ ಈಗಾಗಲೇ ತೂಗಿದೆ, ಬೆನ್ನು ಗೋಡೆಗೆ, ಮುಖ ಜನರ ಕಡೆಗೆ. ಅವನು ಈಗ ಎಮ್ಮೆ ಬರೆಯಲು ಕೂತಿದ್ದಾನೆ. ಇದ್ದಿಲು ಸಾಲುತ್ತಿಲ್ಲ, ಅವನ ಅವ್ವ ಒಲೆಯಿಂದ ತೆಗೆದು ಕೊಡುತ್ತಿದ್ದಾಳೆ. ಭಾಲ್ಕಿ, ಔರಾದ್ ಕಡೆಯ ಗೆಳೆಯರು ಚಿತ್ರ ಕಳಿಸುವುದಾದರೆ ದೊಡ್ಡ ಹಾಳೆ ಕೊಳ್ಳಬೇಕು ಅಂತೇನಿಲ್ಲ. ಹೋದ ವರ್ಷದ ಕ್ಯಾಲೆಂಡರ್ ಎಲ್ಲರ ಮನೆಯಲ್ಲಿ ಇರುತ್ತದೆ. ಮುಂದೆ ಕೃಷ್ಣನ ಆಕಳಿದ್ದರೂ ನಡೆದೀತು, ಹಿಂಬದಿ ಖಾಲಿ ಇರುತ್ತದೆ.